ಹಾಫ್‌ಬೀಕ್ ಸಾಕುವುದು ಹೇಗೆ?

ಗಪ್ಪಿ, ಮೋಲಿ ಸಾಕಿ ಕೈ ಪಳಗಿದೆಯೇ? ಹಾಗಾದರೆ ಒಮ್ಮೆ ಹಾಫ್‌ಬೀಕ್ ಸಾಕಿ ನೋಡಿ. ಆಗ್ನೇಯ ಏಷ್ಯಾದ ಈ ಮೀನೂ ಮೊಟ್ಟೆಯಿಡದೆ ಮರಿ ಹಾಕುತ್ತದೆ. ಎರಡೂವರೆ ಇಂಚಿನ ತೆಳ್ಳನೆಯ ಮೈ, ಸೂಜಿಯಂತೆ ಮುಂದಕ್ಕೆ ಚಾಚಿದ ಕೆಳದವಡೆ. ಮೈಸೂರಿನಲ್ಲಿ ನೀವು ಮಾಮೂಲಿಯಾಗಿ ಹೋಗುವ ಅಕ್ವೇರಿಯಂ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು.

ಈ ಮೀನು ದಿನವಿಡೀ ನೀರಿನ ಮೇಲ್ಭಾಗದಲ್ಲೇ ಇರುತ್ತದೆ. ಹಾಗಾಗಿ ಟ್ಯಾಂಕ್ ಎತ್ತರ ಇದ್ದು ಪ್ರಯೋಜನವಿಲ್ಲ, ಉದ್ದ ಬೇಕು. ಮೂರಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಸಾಕು. ಎರಡು ಇಂಚು ಬಿಟ್ಟು ನೀರು ತುಂಬಿ. ಮುಚ್ಚಳ ಹಾಕಲೇಬೇಕು, ಯಾಕೆಂದರೆ ಇವು ಹಾರುತ್ತವೆ. ಪೈಪ್ ಹೋಗುವ ಸಂದಿಗೂ ಸ್ಪಂಜ್ ತುರುಕಿ.

ಕಾವೇರಿ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಆಂಟಿ-ಕ್ಲೋರಿನ್ ಹನಿ ಹಾಕಿಯೇ ಬಳಸಿ. ಮಂಡ್ಯ ಕಡೆಯ ಬೋರ್‌ವೆಲ್ ನೀರು ತುಸು ಗಡಸಾದರೂ ಹೆದರಬೇಡಿ, ಇವಕ್ಕೆ ಒಗ್ಗುತ್ತದೆ. ಬರೀ ಆರ್‌ಒ ನೀರು ಬೇಡ. ಸ್ಪಂಜ್ ಫಿಲ್ಟರ್ ಹಾಕಿ, ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯಲೆಂದು ಖಾಲಿ ಟ್ಯಾಂಕಿಗೆ ದಿನಾ ಚಿಟಿಕೆ ಆಹಾರ ಉದುರಿಸುತ್ತಾ ನಾಲ್ಕೈದು ವಾರ ಓಡಿಸಿ. ಆಮೇಲೆ ಮೀನು ಬಿಡಿ. ನೀರು 24ರಿಂದ 28 ಡಿಗ್ರಿ ಇರಲಿ. ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಹೀಟರ್ ಬೇಕು.

ಅರ್ಧ ಮೇಲ್ಮೈಗೆ ತೇಲುವ ಗಿಡ ಬಿಡಿ. ಅಂತರಗಂಗೆ ಚೆನ್ನಾಗಿರುತ್ತದೆ, ಆದರೆ ಕೆರೆಯಿಂದ ಕಿತ್ತು ತರಬೇಡಿ, ಜೊತೆಗೆ ಬೇಡದ ಹುಳುಗಳೂ ಬರುತ್ತವೆ. ಇವು ತುಂಬ ಪುಕ್ಕಲು. ಕತ್ತಲಲ್ಲಿ ತಟ್ಟನೆ ಟ್ಯಾಂಕಿನ ಲೈಟ್ ಹಾಕಿದರೆ ಗಾಬರಿಯಿಂದ ನುಗ್ಗಿ ಗಾಜಿಗೆ ಗುದ್ದುತ್ತವೆ, ಆ ನೀಳ ದವಡೆಯೇ ಮುರಿಯುತ್ತದೆ. ಮೊದಲು ಕೋಣೆಯ ಲೈಟ್ ಹಾಕಿ, ಹತ್ತು ನಿಮಿಷ ಬಿಟ್ಟು ಟ್ಯಾಂಕಿನದು. ಹಿಂದೆ ಮತ್ತು ಎರಡೂ ಪಕ್ಕಕ್ಕೆ ಕಪ್ಪು ಕಾಗದ ಅಂಟಿಸಿ. ಗಂಡುಗಳು ದವಡೆಗೆ ದವಡೆ ಕಚ್ಚಿ ಕುಸ್ತಿಗಿಳಿಯುತ್ತವೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇದ್ದರೆ ಕ್ಷೇಮ.

ಊಟದ ವಿಷಯಕ್ಕೆ ಜಾಸ್ತಿ ಗಮನ ಕೊಡಿ. ತಳಕ್ಕೆ ಮುಳುಗಿದ ಆಹಾರವನ್ನು ಇವು ಮುಟ್ಟುವುದೇ ಅಪರೂಪ. ತೇಲುವ ಹುಳು ಕಂಡರೆ ಪ್ರಾಣ. ಕಳಿತ ಬಾಳೆಹಣ್ಣನ್ನು ಬಾಟಲಿಗೆ ಹಾಕಿ, ಬಾಯಿಗೆ ಕಾಗದದ ಆಲಿಕೆ ಸಿಕ್ಕಿಸಿಡಿ. ಒಂದೆರಡು ದಿನದಲ್ಲಿ ಹಣ್ಣಿನ ನೊಣ ಸೇರುತ್ತವೆ. ಬಾಟಲಿಯನ್ನು ಕೆಲವು ನಿಮಿಷ ಫ್ರಿಜ್‌ನಲ್ಲಿಟ್ಟರೆ ನೊಣ ಮಂಕಾಗುತ್ತವೆ. ಆಗ ನೀರಿನ ಮೇಲೆ ಕೊಡವಿ. ಕೆಳಗಿನಿಂದ ಬಂದು ಟಪಕ್ಕನೆ ಕಚ್ಚುವುದನ್ನು ನೋಡಲೆಂದೇ ಈ ಮೀನು ಸಾಕಬಹುದು! ಸೊಳ್ಳೆ ಲಾರ್ವಾ ಬಲು ಇಷ್ಟ, ಆದರೆ ಅದಕ್ಕೆಂದು ಮನೆಯಲ್ಲಿ ನೀರು ನಿಲ್ಲಿಸಬೇಡಿ, ಡೆಂಗಿ ಭಯ. ಸಿಗದ ದಿನ ತೇಲುವ ಫ್ಲೇಕ್ಸ್ ಕೊಡಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ.

ಒಂದೆರಡು ತಿಂಗಳಿಗೆ ಹೆಣ್ಣಿನ ಹೊಟ್ಟೆ ಉಬ್ಬುತ್ತದೆ. ಮರಿಗಳು ಹುಟ್ಟುವಾಗಲೇ ಸುಮಾರು ಒಂದು ಸೆಂಟಿಮೀಟರ್ ಇರುತ್ತವೆ, ಆದರೂ ದೊಡ್ಡವು ನುಂಗಿಬಿಡುತ್ತವೆ. ಗಿಡದ ಬೇರಿನ ನಡುವೆ ಕಂಡ ಮರಿಗಳನ್ನು ಬಲೆಯಲ್ಲಿ ಹಿಡಿಯಬೇಡಿ. ಲೋಟದಲ್ಲಿ ನೀರಿನ ಸಮೇತ ಮೊಗೆದು, ಅದೇ ಟ್ಯಾಂಕಿನ ನೀರು ತುಂಬಿದ ಬೇರೆ ತೊಟ್ಟಿಗೆ ಬಿಡಿ. ಆಗಷ್ಟೇ ಮೊಟ್ಟೆಯೊಡೆದು ಬಂದ ಆರ್ಟೀಮಿಯಾ (ಸೀಗಡಿಯಂಥ ಪುಟ್ಟ ಜೀವಿ) ಮರಿಗಳನ್ನು ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪವೇ ಕೊಡಿ.