ಪತಂಗದ ಕತೆ ಹೇಳುವ ಮುನ್ನ

ಪ್ರೋಗ್ರಾಮಿಂಗ್ ಕಲಿಸತೊಡಗಿದ ಮೊದಲ ಎರಡು ವರ್ಷ ನಾನು ತರಗತಿಯಲ್ಲಿ ಒಂದು ಸುಳ್ಳು ಹೇಳಿದೆ. ಕಂಪ್ಯೂಟರಿನೊಳಗೆ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಅವರಿಗೆ ಪತಂಗ ಸಿಕ್ಕಿತು, ಅಂದಿನಿಂದ ಪ್ರೋಗ್ರಾಮಿನ ದೋಷಕ್ಕೆ ‘ಬಗ್’ (ಇಂಗ್ಲಿಷಿನಲ್ಲಿ ಹುಳು) ಎಂಬ ಹೆಸರು ಬಂತು ಎಂದು. ಗೋಡೆಯ ಮೇಲೆ ಮೂಡಿದ್ದ, ಆ ಪತಂಗವನ್ನು ಅಂಟಿಸಿದ ದಾಖಲೆ ಪುಟದ ಚಿತ್ರ ನೋಡುತ್ತಿದ್ದ ಹುಡುಗಿಯೊಬ್ಬಳು, “ಸರ್, ಇದರಲ್ಲಿ ‘ನಿಜವಾದ’ ಎಂದು ಯಾಕೆ ಬರೆದಿದ್ದಾರೆ?” ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಪದದ ಹುಟ್ಟನ್ನು ಹುಡುಕುವವರು ಕತೆಯನ್ನು ಬದಿಗಿಟ್ಟು ಮೊದಲು ಮೂಲ ಪುಟವನ್ನು ಓದಿ, ಅದೂ ಅಕ್ಷರ ಬಿಡದೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಎಂಬ ಕಂಪ್ಯೂಟರಿನ ಎಫ್ ಪ್ಯಾನೆಲ್‌ನ 70ನೇ ರಿಲೇಯಲ್ಲಿ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿನಲ್ಲಿ) ಪತಂಗ ಸಿಕ್ಕಿದ್ದು ನಿಜ. ಅದನ್ನು ಯಂತ್ರದ ದಿನಚರಿ ಬರೆಯುವ ಲಾಗ್‌ಬುಕ್ಕಿಗೆ ಟೇಪಿನಿಂದ ಅಂಟಿಸಿ, ‘ನಿಜವಾದ ಬಗ್ ಸಿಕ್ಕ ಮೊದಲ ಪ್ರಸಂಗ’ ಎಂಬರ್ಥದ ಸಾಲು ಬರೆದಿದ್ದಾರೆ. ಇದು ತಮಾಷೆ. ಅಲ್ಲಿದ್ದವರೆಲ್ಲ ದೋಷವನ್ನು ಆಗಲೇ ಬಗ್ ಎನ್ನುತ್ತಿದ್ದರೆ ಮಾತ್ರ ಇದಕ್ಕೆ ನಗು ಬರುತ್ತದೆ. ಪುಟವೂ ಪತಂಗವೂ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿವೆ.

ಆಮೇಲೆ ಅದಕ್ಕೂ ಹಿಂದಿನ ಬಳಕೆಗಳನ್ನು ಹುಡುಕಿ. 1878ರಲ್ಲೇ ಎಡಿಸನ್ ಪತ್ರವೊಂದರಲ್ಲಿ, ಆವಿಷ್ಕಾರದ ನಡುವೆ ತಲೆಯೆತ್ತುವ ಸಣ್ಣಪುಟ್ಟ ತೊಡಕುಗಳನ್ನು ‘ಬಗ್’ ಎಂದು ಕರೆಯುತ್ತಾರೆ ಎಂದು ಬರೆದಿದ್ದ. ಅವನಿಗೂ ಅದು ಇತರರಿಂದ ಬಂದ ಮಾತು.

ಕತೆ ಹೇಳಿದವರನ್ನೇ ಕತೆಯ ನಾಯಕರನ್ನಾಗಿ ಮಾಡಬೇಡಿ. ಹಾಪರ್ ಆ ತಂಡದಲ್ಲಿದ್ದರು, ಪ್ರಸಂಗವನ್ನು ಸ್ವಾರಸ್ಯವಾಗಿ ಹೇಳಿ ಊರೆಲ್ಲ ಹಬ್ಬಿಸಿದರು. ಪತಂಗವನ್ನು ಹಿಡಿದವರು ಬೇರೆ.

ಮೂಲ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಿದರೆ ಅರ್ಧ ಕೆಲಸವಾದಂತೆ. ಇಂದು ಆ ಪದ ಯಾವ ವಾಕ್ಯದಲ್ಲಿ, ಯಾವ ಕ್ರಿಯಾಪದದ ಜೊತೆ ಕೂರುತ್ತದೆ ನೋಡಿ. ನಾವು “ಕೋಡಿನಲ್ಲಿ ಬಗ್ ಬಂದಿದೆ” ಎನ್ನುತ್ತೇವೆ, ನೆಂಟರು ಬಂದ ಹಾಗೆ. “ಬಗ್ ಮಾಡಿದೆ” ಎಂದು ನಾನಂತೂ ಯಾರ ಬಾಯಲ್ಲೂ ಕೇಳಿಲ್ಲ. ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1988ರಲ್ಲಿ ತಕರಾರು ತೆಗೆದದ್ದು ಇದಕ್ಕೇ: ಬರೆದವನ ಕಣ್ಣು ತಪ್ಪಿಸಿ ಹುಳು ತಾನಾಗಿ ನುಸುಳಿತು ಎಂಬ ನೆಪ ಬೇಡ, ‘ತಪ್ಪು’ ಎನ್ನಿ ಎಂದ. ಒಂದು ವಾರ ಹಾಗೆ ಮಾತನಾಡಲು ಹೊರಟ ನಾನು ಮೂರನೆಯ ದಿನಕ್ಕೇ ಸೋತೆ. “ನನ್ನ ತಪ್ಪು ಇನ್ನೂ ಸಿಕ್ಕಿಲ್ಲ” ಎಂದು ದಿನಕ್ಕೆ ಹತ್ತು ಸಲ ಹೇಳುವುದು ಸುಲಭವಲ್ಲ.

ಈಗ ತರಗತಿಯಲ್ಲಿ ಏನೂ ಹೇಳದೆ ಮೊದಲು ಆ ಪುಟವನ್ನು ತೋರಿಸುತ್ತೇನೆ. ಯಾರಾದರೂ ‘ನಿಜವಾದ’ ಎಂಬಲ್ಲಿ ತಡೆದು ನಿಲ್ಲುವವರೆಗೆ ಕಾಯುತ್ತೇನೆ.