ಹಡಗಿನ ಮೂತಿಯ ಟಿಪ್ಪು ಕೆತ್ತಿದ್ದು

ಲಂಡನ್ನಿನ ಗ್ರೀನ್‌ವಿಚ್‌ನಲ್ಲಿರುವ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ ‘ಸೆರಿಂಗಪಟಂ’ ಎಂಬ ಯುದ್ಧನೌಕೆಯ ಮೂತಿಯ ಬೊಂಬೆ, ಅಂದರೆ ಹಡಗಿನ ಮುಂತುದಿಗೆ ಕೂರಿಸುವ ಮರದ ಕೆತ್ತನೆ, ಇದೆ. ಹೌದು, ನಮ್ಮ ಶ್ರೀರಂಗಪಟ್ಟಣವೇ. ಟಿಪ್ಪು ಸತ್ತು 20 ವರ್ಷಕ್ಕೆ, 1819ರಲ್ಲಿ, ಬ್ರಿಟಿಷರು ಬಾಂಬೆಯಲ್ಲಿ ತೇಗದಿಂದ ಕಟ್ಟಿಸಿದ ಹಡಗದು. ದೊಡ್ಡ ಹಕ್ಕಿಯ ಮೇಲೆ ಪೇಟ ಸುತ್ತಿದ ಗಂಡಸು ಕೂತಿದ್ದಾನೆ, ಕೈಯಲ್ಲಿ ಛತ್ರಿ. ಅವನು ಟಿಪ್ಪುವೇ ಇರಬೇಕು ಎನ್ನುತ್ತಾರೆ.

ಗಿರಾಕಿಯೊಬ್ಬರು ಇದರ ಫೋಟೋ ಕಳಿಸಿ, ತೇಗದಲ್ಲೇ ಎರಡಡಿಯ ಪ್ರತಿ ಬೇಕು ಎಂದರು. ನನ್ನದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಗಂಧದ ಕೆತ್ತನೆಯ ಕೈ. ಒಂದು ಬಳ್ಳಿಯಲ್ಲಿ ಹತ್ತು ಎಲೆ ಬಿಡಿಸದಿದ್ದರೆ ಸಮಾಧಾನವಿಲ್ಲ. ಇಲ್ಲಿ ಅದು ನಡೆಯಲ್ಲ. ಈ ಬೊಂಬೆಗಳನ್ನು ನೋಡುತ್ತಿದ್ದುದು ದೂರದಿಂದ, ಕೆಳಗಿನಿಂದ. ಉಪ್ಪುನೀರು ತಡೆಯಲೆಂದು ಮೇಲಿಂದ ಮೇಲೆ ಬಣ್ಣ ಬೇರೆ ಬಳಿಯುತ್ತಿದ್ದರು. ಸಣ್ಣ ಗೀರೆಲ್ಲ ಅದರಡಿ ಮುಚ್ಚಿಹೋಗುತ್ತಿತ್ತು. ಹಾಗಾಗಿ ಪೇಟದ ಮಡಿಕೆಗೆ ಅಗಲದ ಉಳಿ ಹಿಡಿದೆ. ಮೂರೇ ಮಡಿಕೆ, ಆದರೆ ಆಳಕ್ಕೆ. ಕಣ್ಣಿನ ರೆಪ್ಪೆಯನ್ನು ದಪ್ಪ ಬಿಟ್ಟು, ಕೆಳಗೆ ಜಾಸ್ತಿ ತೋಡಿದೆ. ಹತ್ತಿರದಿಂದ ಒರಟು. ಅಂಗಳದ ಆ ತುದಿಗೆ ಹೋಗಿ ನಿಂತರೆ ನೆರಳು ಬಿದ್ದು ನೋಟ ಬರುತ್ತೆ.

ಇನ್ನೊಂದು ವಿಷಯ ಓರೆ. ಮೂತಿಯ ಬೊಂಬೆ ಮುಂದಕ್ಕೆ ಚಾಚಿಕೊಂಡಿರುತ್ತೆ. ಮರವನ್ನು ನೆಟ್ಟಗೆ ನಿಲ್ಲಿಸಿ ಕೆತ್ತಿದರೆ, ಆಮೇಲೆ ಓರೆ ಕೂರಿಸಿದಾಗ ಮುಖ ನೆಲ ನೋಡುತ್ತೆ. ಮೊದಲೇ ಒಂದು ಓರೆ ಪೀಠ ಮಾಡಿ, ದಿಮ್ಮಿಯನ್ನು ಅದಕ್ಕೆ ಬಿಗಿದು, ನಾನೇ ನೆಲದ ಮೇಲೆ ಕೂತು ಅಳತೆ ನೋಡುತ್ತಿದ್ದೆ.

ತೇಗ ಉಳಿಯನ್ನು ಬೇಗ ಮೊಂಡು ಮಾಡುತ್ತೆ. ಸಾಣೆಕಲ್ಲು ಪಕ್ಕದಲ್ಲೇ ಇರಬೇಕು. ಛತ್ರಿ ಹಿಡಿದ ಕೈಯನ್ನು ಅದೇ ದಿಮ್ಮಿಯಲ್ಲಿ ತೆಗೆದರೆ ನಾರು ಅಡ್ಡ ಬಂದು ಪಟ್ಟನೆ ಮುರಿಯುತ್ತೆ. ಬೇರೆ ತುಂಡಿನಲ್ಲಿ, ನಾರು ಉದ್ದಕ್ಕೆ ಬರುವಂತೆ ಕೆತ್ತಿ ಗೂಟ ಹಾಕಿ ಸೇರಿಸಿದೆ.

ಮುಖ ಟಿಪ್ಪುವಿನ ಹಾಗಿಲ್ಲ ಅಂತ ಗಿರಾಕಿಗೆ ಬೇಜಾರು. ಮೂಲದಲ್ಲೂ ಹೋಲಿಕೆ ಅಷ್ಟಕ್ಕಷ್ಟೇ. ಅಲ್ಲಿ ದೊರೆ ಅಂತ ಹೇಳುವುದು ಛತ್ರಿ. ಹೋಲಿಕೆ ಇದ್ದರೂ ಕಷ್ಟವೇ ಅನ್ನಿ. 1834ರಲ್ಲಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಹಡಗಿಗೆ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ರ ಬೊಂಬೆ ಕೂರಿಸಿದರು. ಕೆತ್ತಿದವರು ಲೇಬನ್ ಬೀಚರ್. ಹಡಗು ನಿಂತಿದ್ದ ಬಾಸ್ಟನ್‌ನಲ್ಲಿ ಜಾಕ್ಸನ್ ವಿರೋಧಿಗಳು ಜಾಸ್ತಿ. ಜುಲೈ ತಿಂಗಳ ಒಂದು ಮಳೆರಾತ್ರಿ ಸ್ಯಾಮ್ಯುಯೆಲ್ ಡ್ಯೂಯಿ ಎಂಬಾತ ದೋಣಿಯಲ್ಲಿ ಹೋಗಿ ಆ ತಲೆಯನ್ನೇ ಗರಗಸದಲ್ಲಿ ಕೊಯ್ದುಕೊಂಡು ಬಂದ! ಬೇರೆ ತಲೆ ಮಾಡಿಸಬೇಕಾಯಿತು.

ನನ್ನ ಟಿಪ್ಪುವಿನ ಛತ್ರಿಗೆ ಅಂಟು ಹಾಕಿಲ್ಲ. ಕೊರಿಯರ್‌ಗೆ ಬಿಚ್ಚಿ ಕಳಿಸಿದ್ದೇನೆ.