ಆಸ್ಪತ್ರೆ ದುಭಾಷಿಗಳನ್ನು ತಯಾರು ಮಾಡುವ ಬಗೆ

ಅಮೆರಿಕದಲ್ಲಿ ವೈದ್ಯಕೀಯ ದುಭಾಷಿಯ ಪ್ರಮಾಣಪತ್ರಕ್ಕೆ ಕನಿಷ್ಠ 40 ಗಂಟೆಯ ತರಬೇತಿ ಬೇಕು. ಸ್ಪ್ಯಾನಿಷ್, ಮ್ಯಾಂಡರಿನ್‌ನಂಥ ಕೆಲವು ಭಾಷೆಗಳಿಗೆ ಪ್ರತ್ಯೇಕ ಮೌಖಿಕ ಪರೀಕ್ಷೆಯಿದೆ, ಕನ್ನಡಕ್ಕಿಲ್ಲ. ಹಾಗಾಗಿ ಅಲ್ಲಿ ಕನ್ನಡ ದುಭಾಷಿಯ ಮಾತನ್ನು ಒರೆಗೆ ಹಚ್ಚುವ ಹೊಣೆ ಬಹುಮಟ್ಟಿಗೆ ತರಬೇತುದಾರರದ್ದು.

ಪದಪಟ್ಟಿಯಿಂದ ಶುರು ಮಾಡಬೇಡಿ. ವೈದ್ಯ, ರೋಗಿ, ದುಭಾಷಿ ಎಂದು ಮೂವರನ್ನು ಕೂರಿಸಿ, ಹತ್ತು ನಿಮಿಷದ ಮಾತುಕತೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ದುಭಾಷಿಯೇ ಅದನ್ನು ಅಕ್ಷರಶಃ ಬರೆದಿಳಿಸಿ, ಬಿಟ್ಟದ್ದು, ಸೇರಿಸಿದ್ದು, ಬದಲಿಸಿದ್ದು ಮೂರಕ್ಕೂ ಬೇರೆ ಬೇರೆ ಬಣ್ಣದ ಗೆರೆ ಎಳೆಯಲಿ. ಬೇಸರದ ಕೆಲಸವೇ, ಆದರೆ ಉಪನ್ಯಾಸಕ್ಕಿಂತ ಇದರಿಂದ ಹೆಚ್ಚು ಕಲಿಯುತ್ತಾರೆ. ಹೊಸಬರು ಬಿಡುವುದೇ ಜಾಸ್ತಿ: ರೋಗಿ ನಾಲ್ಕು ವಾಕ್ಯ ಆಡುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಎರಡು ವಾಕ್ಯಕ್ಕೊಮ್ಮೆ ಅಂಗೈ ಎತ್ತಿ ತಡೆಯುವುದನ್ನು ರೂಢಿಸಿ. ಚೀಟಿಯಲ್ಲಿ ಸಂಖ್ಯೆ, ದಿನಾಂಕ, ಔಷಧಿ ಹೆಸರು ಮಾತ್ರ ಇರಲಿ. ಕೆಲಸ ಮುಗಿದ ಮೇಲೆ ಅದನ್ನು ಹರಿದುಹಾಕಬೇಕು.

ಕನ್ನಡಿಗರಿಗೆ ಅಂಟಿದ ಚಟವೊಂದಿದೆ: "ಮಾತ್ರೆ ತಗೋಬೇಕಂತೆ". ಈ 'ಅಂತೆ' ಬಂದ ಕೂಡಲೇ ರೋಗಿ ವೈದ್ಯರನ್ನು ಬಿಟ್ಟು ದುಭಾಷಿಯ ಮುಖ ನೋಡತೊಡಗುತ್ತಾರೆ. ವೈದ್ಯರ ಬಾಯಲ್ಲಿ ಬಂದಂತೆಯೇ "ಮಾತ್ರೆ ತಗೊಳ್ಳಿ" ಎನ್ನಬೇಕು. ಕೂರುವ ಜಾಗ ರೋಗಿಯ ಪಕ್ಕ, ತುಸು ಹಿಂದೆ.

"ಗ್ಯಾಸ್ಟ್ರಿಕ್", "ತಲೆಸುತ್ತು" ಇಂಥವುಗಳಿಗೆ ಊಹೆಯ ಅರ್ಥ ಕೊಡಕೂಡದು. ರೋಗಿ "ಗ್ಯಾಸ್ಟ್ರಿಕ್" ಎಂದದ್ದು ಹೃದಯದ ನೋವೂ ಆಗಿರಬಹುದು. "ದುಭಾಷಿ ಸ್ಪಷ್ಟನೆ ಕೇಳುತ್ತಿದ್ದಾರೆ" ಎಂದು ವೈದ್ಯರಿಗೆ ತಿಳಿಸಿ, ಆಮೇಲೆ ರೋಗಿಯನ್ನು ಕೇಳಬೇಕು.

ಸಂಖ್ಯೆಗಳ ಅಭ್ಯಾಸ ದಿನಕ್ಕೆ ಐದು ನಿಮಿಷ ಸಾಕು: ಒಂದೂವರೆ, ಮುಕ್ಕಾಲು, 0.5 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ. ನಿಧಾನವಾಗಿ ಓದಿ ಹೇಳಿದರೆ ಪ್ರಯೋಜನವಿಲ್ಲ. ವಾರ್ಡಿನ ವೇಗ ಇರಲಿ.

"ಕ್ಯಾನ್ಸರ್ ಅಂತ ಅಮ್ಮನಿಗೆ ಹೇಳಬೇಡಿ" ಎಂದು ಮಗ ನಡುವೆ ಬಾಯಿ ಹಾಕುವ ಸನ್ನಿವೇಶವನ್ನೂ ಆಡಿಸಿ. ಅದನ್ನು ವೈದ್ಯರಿಗೆ ದಾಟಿಸಬೇಕು, ಹೇಳುವುದೋ ಬಿಡುವುದೋ ಎಂಬ ತೀರ್ಮಾನ ದುಭಾಷಿಯದ್ದಲ್ಲ. ಅದಕ್ಕೇ ಆರಂಭದ ಅರ್ಧ ನಿಮಿಷದ ಪರಿಚಯದಲ್ಲೇ "ಇಲ್ಲಿ ಆಡಿದ್ದೆಲ್ಲವನ್ನೂ ಅನುವಾದಿಸುತ್ತೇನೆ, ಹೊರಗೆ ಎಲ್ಲೂ ಹೇಳುವುದಿಲ್ಲ" ಎಂದು ಎಲ್ಲರಿಗೂ ತಿಳಿಸಬೇಕು.

ಕೊನೆಯ ಪರೀಕ್ಷೆಯಲ್ಲಿ ರೋಗಿಯ ಪಾತ್ರಧಾರಿ ವೈದ್ಯರ ಸೂಚನೆಯನ್ನು ಬೇಕೆಂದೇ ತಪ್ಪಾಗಿ ಒಪ್ಪಿಸಲಿ: ಊಟದ ಮುಂಚಿನ ಮಾತ್ರೆಯನ್ನು ಊಟದ ನಂತರ ಎನ್ನಲಿ. ದುಭಾಷಿ ಆ ತಪ್ಪನ್ನು ಹಾಗೆಯೇ ದಾಟಿಸಬೇಕು. ದಯೆಯಿಂದ ತಿದ್ದಿ ಹೇಳಿದರೆ ರೋಗಿಗೆ ಅರ್ಥವಾಗಿಲ್ಲವೆಂಬುದು ವೈದ್ಯರಿಗೆ ಗೊತ್ತೇ ಆಗುವುದಿಲ್ಲ. ಅಂಥವರನ್ನು ಇನ್ನೊಂದು ಸುತ್ತು ಅಭ್ಯಾಸಕ್ಕೆ ಕೂರಿಸಿ.